ಓದುಗರ ಪ್ರಶ್ನೆ, ನಮ್ಮ ಉತ್ತರ: ಆಳಿಲ್ಲದ ದೋಣಿ, ಆಳಿಲ್ಲದ ವಿಮಾನ

ಮಾನವರಹಿತ ಯುದ್ಧಯಂತ್ರಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಉತ್ತರ ಕನ್ನಡದಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇವೆ. ಅರಗಾದಲ್ಲಿ ನೌಕಾನೆಲೆ ಇಟ್ಟುಕೊಂಡ ಕರಾವಳಿಗೆ ಇದು ದೂರದ ದೇಶದ ಸುದ್ದಿಯಲ್ಲ ಎಂಬುದು ಪತ್ರಗಳಲ್ಲೇ ಕಾಣುತ್ತದೆ.

ಪ್ರಶ್ನೆ: ಚಿತ್ರದುರ್ಗದಿಂದ ಹಾರಿದ ಡ್ರೋನನ್ನು ನಮ್ಮ ಕಡಲಲ್ಲಿದ್ದ ಹಡಗಿನಿಂದ ನಡೆಸಿದರಂತೆ. ಆಕಾಶದಲ್ಲಿರುವಾಗಲೇ ಚಾಲಕ ಬದಲಾಗುವುದು ಹೇಗೆ?
(ಓದುಗರೊಬ್ಬರು, ಕೋಡಿಬಾಗ, ಕಾರವಾರ)

ಅದು 2023ರ ಜೂನ್ 16ರ ಪ್ರಯೋಗ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿದ ‘ತಪಸ್’ ಡ್ರೋನ್ ಬೆಳಿಗ್ಗೆ 7.35ಕ್ಕೆ ಚಿತ್ರದುರ್ಗದ ಪರೀಕ್ಷಾ ನೆಲೆಯಿಂದ ಮೇಲೆದ್ದಿತು. ಅಲ್ಲಿಂದ ಕಾರವಾರ ನೌಕಾನೆಲೆಗೆ 285 ಕಿ.ಮೀ. ಐಎನ್‌ಎಸ್ ಸುಭದ್ರಾ ಹಡಗು ಕಾರವಾರದಿಂದ 148 ಕಿ.ಮೀ. ಆಚೆ ನಿಂತಿತ್ತು. 20,000 ಅಡಿ ಎತ್ತರದಲ್ಲಿ ಮೂರೂವರೆ ಗಂಟೆ ಹಾರಿದ ವಿಮಾನ, ಅದರಲ್ಲಿ 40 ನಿಮಿಷ ಹಡಗಿನವರ ಹಿಡಿತದಲ್ಲಿತ್ತು.

ಕೈ ಬದಲಾಯಿಸುವ ಅಗತ್ಯ ಯಾಕೆ ಬರುತ್ತದೆ ಎಂದು ಲೆಕ್ಕ ಹಾಕಿ ನೋಡಬಹುದು. ನೇರ ರೇಡಿಯೊ ಸಿಗ್ನಲ್ ಭೂಮಿಯ ಉಬ್ಬನ್ನು ದಾಟಿ ಹೋಗದು. ಎತ್ತರವನ್ನು ಮೀಟರಿನಲ್ಲಿ ಹಿಡಿದು ವರ್ಗಮೂಲ ತೆಗೆದು 4.12ರಿಂದ ಗುಣಿಸಿದರೆ ಸಿಗ್ನಲ್ ಎಷ್ಟು ಕಿ.ಮೀ. ಮುಟ್ಟೀತು ಎಂದು ತಿಳಿಯುತ್ತದೆ. 20,000 ಅಡಿ ಎಂದರೆ ಸುಮಾರು 6,100 ಮೀಟರ್, ವರ್ಗಮೂಲ 78, ಗುಣಿಸಿದರೆ 320 ಕಿ.ಮೀ. ಚಿತ್ರದುರ್ಗದಿಂದ ಹೊರಟ ವಿಮಾನ ಕಾರವಾರ ದಾಟಿ ಕಡಲ ಮೇಲೆ ಸ್ವಲ್ಪ ಮುಂದೆ ಹೋದರೆ ನೆಲದ ಕೇಂದ್ರಕ್ಕೆ ಮರೆಯಾಗುತ್ತದೆ. ಕೆಳಗಿಳಿದರೆ ನಡುವೆ ಸಹ್ಯಾದ್ರಿಯೂ ಅಡ್ಡ. ಉಪಗ್ರಹದ ಸಂಪರ್ಕವಿಲ್ಲದಿದ್ದರೆ ಕಡಲಿನಲ್ಲಿರುವವರೇ ಅದನ್ನು ವಹಿಸಿಕೊಳ್ಳಬೇಕು.

ಸಾಮಾನ್ಯ ಕ್ರಮ ಹೀಗಿರುತ್ತದೆ. ಎರಡನೆಯ ಕೇಂದ್ರ ಮೊದಲು ವಿಮಾನ ಕಳಿಸುವ ಮಾಹಿತಿಯನ್ನಷ್ಟೇ ಪಡೆಯುತ್ತದೆ. ಎರಡೂ ಪರದೆಯಲ್ಲಿ ಎತ್ತರ, ವೇಗ, ಇಂಧನ ತಾಳೆಯಾಗಬೇಕು. ಎರಡೂ ಕಡೆಯ ಹಿಡಿಕೆಗಳು ಒಂದೇ ಸ್ಥಾನದಲ್ಲಿರಬೇಕು. ಆಮೇಲೆ ಒಬ್ಬರು ಬಿಡುತ್ತಾರೆ, ಇನ್ನೊಬ್ಬರು ಹಿಡಿಯುತ್ತಾರೆ. ಈ ಹಿಡಿಕೆಯ ವಿಷಯ ಚಿಕ್ಕದೆಂದು ತಿಳಿಯಬೇಡಿ. 2006ರ ಏಪ್ರಿಲ್ 25ರಂದು ಅಮೆರಿಕದ ಅರಿಜೋನಾದಲ್ಲಿ ಗಡಿ ಕಾಯುವ ಪ್ರಿಡೇಟರ್ ಬಿ ವಿಮಾನ ಬಿದ್ದದ್ದು ಇದರಿಂದಲೇ. ಪೈಲಟ್‌ನ ಪರದೆ ಸ್ತಬ್ಧವಾಯಿತು. ಆತ ಪಕ್ಕದ ಮೇಜಿಗೆ ನಿಯಂತ್ರಣ ಬದಲಿಸಿದ. ಅಲ್ಲಿ ಕ್ಯಾಮೆರಾಕ್ಕೆ ಬಳಸುತ್ತಿದ್ದ ಹಿಡಿಕೆ, ಪೈಲಟ್ ಮೇಜಾದ ಕೂಡಲೇ ಇಂಧನದ ಹಿಡಿಕೆಯಾಯಿತು. ಅದು ಇಂಧನ ಬಂದ್ ಆಗುವ ಸ್ಥಾನದಲ್ಲಿತ್ತು. ಎಂಜಿನ್ ನಿಂತುಹೋಯಿತು.

ಪ್ರಶ್ನೆ: ಯುಕ್ರೇನಿನವರು ಆಳಿಲ್ಲದ ದೋಣಿ ಕಳಿಸಿ ರಷ್ಯಾದ ಯುದ್ಧನೌಕೆ ಮುಳುಗಿಸಿದರಂತೆ. ನಾವು ರಾತ್ರಿ ಬಲೆ ಬಿಡುವವರು. ನಮ್ಮ ಬೋಟನ್ನೇ ಅಂಥದ್ದೆಂದು ನೌಕಾಪಡೆಯವರು ತಿಳಿದರೆ ಏನು ಗತಿ?
(ಬೋಟಿನ ತಾಂಡೇಲರೊಬ್ಬರು, ಬೈತಖೋಲ್)

ನೀವು ಕೇಳಿದ್ದು ನಿಜವಾದ ಸಮಸ್ಯೆಯನ್ನೇ. ಮೊದಲು ಆ ದೋಣಿ ಎಂಥದ್ದು ನೋಡೋಣ. ಯುಕ್ರೇನಿನ ಮಗುರಾ ವಿ5 ಸುಮಾರು 5.5 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ. ಉದ್ದದಲ್ಲಿ ನಿಮ್ಮ ಪಾತಿ ದೋಣಿಯಿಂದ ಹೆಚ್ಚು ದೂರವಿಲ್ಲ. ನೀರಿನ ಮೇಲೆ ಕಾಣುವುದು ಅರ್ಧ ಮೀಟರ್ ಮಾತ್ರ. ಸುಮಾರು 320 ಕಿಲೋ ಹೊರುತ್ತದೆ, 800 ಕಿ.ಮೀ. ಹೋಗುತ್ತದೆ, ಗರಿಷ್ಠ ವೇಗ 42 ನಾಟ್. 2024ರ ಫೆಬ್ರವರಿ 1ರಂದು ಇಂಥ ದೋಣಿಗಳು ಕ್ರಿಮಿಯಾದಲ್ಲಿ ಇವಾನೊವೆಟ್ಸ್ ಎಂಬ ಕ್ಷಿಪಣಿ ನೌಕೆಯನ್ನು ಮುಳುಗಿಸಿದವು. ಅದು ನಮ್ಮ ನೌಕಾಪಡೆಯ ‘ವೀರ್’ ವರ್ಗದ ಹಡಗುಗಳ ಕುಲದ್ದೇ. ಅದೇ ತಿಂಗಳ 14ಕ್ಕೆ ಸೀಸರ್ ಕುನಿಕೊವ್, ಮಾರ್ಚ್ 5ಕ್ಕೆ ಸೆರ್ಗೆಯ್ ಕೊಟೊವ್ ಎಂಬ ರಷ್ಯಾದ ಹಡಗುಗಳೂ ಮುಳುಗಿಹೋದವು.

ಮೇಲಿನ ಲೆಕ್ಕವನ್ನೇ ಇಲ್ಲೂ ಹಾಕಿ. ಹಡಗಿನ ರಾಡಾರ್ 25 ಮೀಟರ್ ಎತ್ತರದಲ್ಲಿದ್ದರೆ, ಅರ್ಧ ಮೀಟರ್ ಎತ್ತರದ ದೋಣಿ ಸುಮಾರು 23 ಕಿ.ಮೀ. ದೂರದಿಂದ ಕಾಣಬೇಕು. ಅದು ಕಾಗದದ ಮೇಲಿನ ಮಾತು. ಅಲೆಯ ತಲೆಗಳೂ ರಾಡಾರಿಗೆ ಚುಕ್ಕೆಗಳಾಗಿ ಮರಳುವುದರಿಂದ ಸಣ್ಣ ಫೈಬರ್ ದೋಣಿ ಅವುಗಳಲ್ಲಿ ಕರಗಿಹೋಗುತ್ತದೆ. 3 ಕಿ.ಮೀ. ಸಮೀಪ ಬಂದಾಗ ಗುರುತು ಸಿಕ್ಕಿತೆನ್ನಿ. 42 ನಾಟ್ ಎಂದರೆ ನಿಮಿಷಕ್ಕೆ 1.3 ಕಿ.ಮೀ.; ಕಾವಲಿನವರಿಗೆ ಎರಡು ನಿಮಿಷಕ್ಕೆ ಸ್ವಲ್ಪ ಮೇಲೆ ಸಮಯ. ಬರುವುದು ಒಂದೇ ದೋಣಿಯಲ್ಲ, ನಾಲ್ಕೈದು, ಬೇರೆಬೇರೆ ದಿಕ್ಕಿನಿಂದ.

ಹಾಗಾಗಿ ಸ್ನೇಹದ ಬೋಟು ಯಾವುದು ಎಂದು ಮುಂಚಿತವಾಗಿಯೇ ಗೊತ್ತಿರುವುದು ಎಲ್ಲಕ್ಕಿಂತ ಮುಖ್ಯ. ಕಾವಲಿನವರು ನೋಡುವುದು ವೇಗ, ನಡೆ, ವೈರ್‌ಲೆಸ್ ಉತ್ತರ, ಡೆಕ್ ಮೇಲೆ ಜನ ಇದ್ದಾರೋ ಎಂಬುದನ್ನು. ಟ್ರಾಲರ್ ಬಲೆ ಎಳೆಯುವಾಗ 3-4 ನಾಟ್ ಮಾತ್ರ ಹೋಗುತ್ತದೆ. ಆ ನಡೆಯೇ ನಿಮ್ಮ ಗುರುತಿನ ಚೀಟಿ. ಬೋಟಿನ ಗುರುತು, ಜಾಗ ಸಾರುವ ಟ್ರಾನ್ಸ್‌ಪಾಂಡರ್ ಬಂದ್ ಮಾಡಬೇಡಿ. ಮೀನಿನ ಜಾಗ ಬೇರೆಯವರಿಗೆ ತಿಳಿಯುತ್ತದೆಂದು ಬಂದ್ ಮಾಡುವ ರೂಢಿ ನಿಮಗೇ ಅಪಾಯ. ವಿಎಚ್‌ಎಫ್ ವೈರ್‌ಲೆಸ್‌ನ 16ನೇ ಚಾನೆಲ್ ಕೇಳುತ್ತಿರಿ. ನೋಂದಣಿ ಸಂಖ್ಯೆಯ ಬಣ್ಣ ಮಾಸಲು ಬಿಡಬೇಡಿ. ಮಾರುಕಟ್ಟೆಗೆ ಹೊತ್ತಾಯಿತೆಂದು ನೌಕಾಪಡೆಯ ಹಡಗಿನ ಮೂತಿಗೆ ನೇರವಾಗಿ ಪೂರ್ತಿ ವೇಗದಲ್ಲಿ ಬರಬೇಡಿ. ದೂರದಿಂದಲೇ ದಿಕ್ಕು ತಿರುಗಿಸಿ, ನಿಮ್ಮ ಪಕ್ಕೆ ಅವರಿಗೆ ಕಾಣಲಿ.

ಈ ದೋಣಿಗಳೂ ಸೋಲುತ್ತವೆ. ಚಾಲಕ ನೂರಾರು ಕಿ.ಮೀ. ದೂರದಲ್ಲಿ ಕುಳಿತು ಉಪಗ್ರಹದ ಮೂಲಕ ಬರುವ ಚಿತ್ರ ನೋಡಿ ನಡೆಸುತ್ತಾನೆ. ಉಪಗ್ರಹ ಸಂಪರ್ಕ ಕಡಿದರೆ ಕುರುಡು. ಕ್ಯಾಮೆರಾ ಗಾಜಿನ ಮೇಲೆ ಉಪ್ಪುನೀರು ಒಣಗಿ ಪೊರೆ ಕಟ್ಟುತ್ತದೆ. ಆಷಾಢದ ನಮ್ಮ ಕಡಲಲ್ಲಿ 5 ಮೀಟರಿನ ದೋಣಿ ಆ ವೇಗ ಹಿಡಿಯಲಾರದು. ಬಂದರಿನ ಬಾಯಿಗೆ ತೇಲುವ ತಡೆ ಹಾಕಿದರೆ ಅಲ್ಲೇ ನಿಲ್ಲುತ್ತದೆ. ಕ್ರಿಮಿಯಾದ ಸೆವಾಸ್ತೊಪೋಲ್ ಬಂದರಿನಲ್ಲಿ ರಷ್ಯನ್ನರು ತಡೆಗಳನ್ನು ಹಾಕಿದರು, ಆದರೂ ಹಡಗುಗಳಲ್ಲಿ ಬಹುಪಾಲನ್ನು ರಷ್ಯಾದ ನೊವೊರೊಸಿಸ್ಕ್ ಬಂದರಿಗೆ ಸಾಗಿಸಬೇಕಾಯಿತು.

ಸಣ್ಣದು ದೊಡ್ಡದನ್ನು ಮುಳುಗಿಸುವುದು ಹೊಸತೇನಲ್ಲ. ಟ್ಯಾಗೋರ್ ಕಡಲತೀರದಲ್ಲಿ ಈಗ ವಸ್ತುಸಂಗ್ರಹಾಲಯವಾಗಿರುವ ‘ಚಾಪಲ್’ ನೋಡಿದ್ದೀರಲ್ಲ? ಅದು ಸ್ಟಿಕ್ಸ್ ಕ್ಷಿಪಣಿ ಹೊರುತ್ತಿದ್ದ ಪುಟ್ಟ ನೌಕೆ. ಅದೇ ಕ್ಷಿಪಣಿಯಿಂದ 1967ರ ಅಕ್ಟೋಬರಿನಲ್ಲಿ ಈಜಿಪ್ಟಿನ ಸಣ್ಣ ದೋಣಿಗಳು ಇಸ್ರೇಲಿನ ಐಲಾಟ್ ಹಡಗನ್ನು ಮುಳುಗಿಸಿದ್ದವು. 1971ರಲ್ಲಿ ನಮ್ಮ ಅಂಥ ನೌಕೆಗಳು ಕರಾಚಿಯನ್ನು ಹೊಡೆದವು. ಆಗ ಒಳಗೆ ನಾವಿಕರಿದ್ದರು. ಈಗ ಅವರು ದಡದಲ್ಲಿದ್ದಾರೆ.

ಪ್ರಶ್ನೆ: ನಮ್ಮ ತೋಟಕ್ಕೆ ಕೊಳೆ ಔಷಧಿ ಹೊಡೆಯಲು ಬಂದ ಡ್ರೋನ್ ಹತ್ತು ನಿಮಿಷಕ್ಕೆ ಬ್ಯಾಟರಿ ಬದಲಿಸಬೇಕೆಂದಿತು. ಯುದ್ಧದ ಡ್ರೋನ್ ಇಡೀ ದಿನ ಹಾರುವುದು ಹೇಗೆ? ಎರಡೂ ಒಂದೇ ಸಾಮಾನೇ?
(ಅಡಿಕೆ ಬೆಳೆಗಾರರು, ಶಿರಸಿ)

ನಿಮ್ಮ ತೋಟಕ್ಕೆ ಬಂದದ್ದಕ್ಕೂ ಯುಕ್ರೇನಿನ ಕಂದಕದ ಮೇಲೆ ಹಾರುವ ಸಣ್ಣ ಡ್ರೋನಿಗೂ ಒಳಗಿನ ಸಾಮಾನು ಒಂದೇ ಜಾತಿಯದು: ಬ್ರಷ್ ಇಲ್ಲದ ಮೋಟಾರು, ಅದರ ವೇಗ ಹಿಡಿಯುವ ಸರ್ಕ್ಯೂಟು, ಹಾರಾಟ ಸಮತೋಲನದ ಬೋರ್ಡು, ಲಿಥಿಯಂ ಬ್ಯಾಟರಿ. ಇಡೀ ದಿನ ಹಾರುವುದು ಬೇರೆಯದೇ ಜಾತಿ. ಅದಕ್ಕೆ ರೆಕ್ಕೆ ಇದೆ, ಪೆಟ್ರೋಲಿನಂಥ ಇಂಧನ ಇದೆ.

ನಿಮ್ಮ 10 ಲೀಟರಿನ ಡ್ರೋನ್ ಟ್ಯಾಂಕ್ ತುಂಬಿದಾಗ ಸುಮಾರು 25 ಕಿಲೋ. ಅಷ್ಟೂ ಭಾರವನ್ನು ರೆಕ್ಕೆಯ ನೆರವಿಲ್ಲದೆ ಮೋಟಾರೇ ಎತ್ತಿ ಹಿಡಿಯಬೇಕು. ಒಂದು ಕಿಲೋ ಲಿಥಿಯಂ ಬ್ಯಾಟರಿಯಲ್ಲಿ 150ರಿಂದ 200 ವಾಟ್-ಗಂಟೆ ಶಕ್ತಿ ಇರುತ್ತದೆ. ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 12,000. ಎಂಜಿನ್ನಿನಲ್ಲಿ ಮುಕ್ಕಾಲು ಪಾಲು ಬಿಸಿಯಾಗಿ ಹೋದರೂ 3,000ದಷ್ಟು ಉಳಿಯುತ್ತದೆ. ಹಾಗಾಗಿಯೇ ಭಾರತ 2024ರ ಅಕ್ಟೋಬರಿನಲ್ಲಿ 31ನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡ ಅಮೆರಿಕದ ಎಂಕ್ಯು-9ಬಿ ಡ್ರೋನ್, 24 ಮೀಟರ್ ರೆಕ್ಕೆ ಚಾಚಿ 30 ಗಂಟೆಗೂ ಮೀರಿ ಹಾರುತ್ತದೆ.

ನಿಮ್ಮ ಡ್ರೋನಿಗೆ ಬೇಕಾದ ಎರಡು ಮಾತು. ಬ್ಯಾಟರಿಯ ಪ್ರತಿ ಸೆಲ್ ತುಂಬಿದಾಗ 4.2 ವೋಲ್ಟ್. ವಾರಗಟ್ಟಲೆ ಇಡುವುದಾದರೆ 3.8ಕ್ಕೆ ಇಳಿಸಿ ಇಡಿ. ಪೂರ್ತಿ ತುಂಬಿಸಿಟ್ಟರೆ ಊದಿಕೊಳ್ಳುತ್ತದೆ. 3.3ಕ್ಕಿಂತ ಕೆಳಗೆ ಇಳಿಸಬೇಡಿ. ಬೋರ್ಡೋದಲ್ಲಿ (ಮೈಲುತುತ್ತ-ಸುಣ್ಣದ ಕೊಳೆ ಔಷಧಿ) ಸುಣ್ಣ ಸರಿಯಾಗಿ ಸೋಸದಿದ್ದರೆ ನಾಜಲ್ ಕಟ್ಟುತ್ತದೆ. ಮೇಲಿನಿಂದ ಬಿದ್ದ ಔಷಧಿ ಸೋಗೆಯ ಮೇಲೇ ನಿಂತು ಅಡಿಕೆಯ ಕೊನೆಗೆ (ಗೊನೆಗೆ) ಮುಟ್ಟದೇ ಹೋಗಬಹುದು. ಹೊಡೆದ ಮೇಲೆ ನಾಲ್ಕಾರು ಮರದ ಕೊನೆಯಲ್ಲಿ ನೀಲಿ ಕಲೆ ಇದೆಯೇ ಎಂದು ದೋಟಿಯಲ್ಲಿ ಇಳಿಸಿ ನೋಡಿ.

ಪ್ರಶ್ನೆ: ವೈರ್ ಕಟ್ಟಿಕೊಂಡು ಹಾರುವ ಡ್ರೋನ್ ಬಂದಿದೆಯಂತೆ. ಇದು ಹಿಂದಕ್ಕೆ ಹೋದ ಹಾಗಲ್ಲವೇ?
(ವಿದ್ಯಾರ್ಥಿನಿ, ಕುಮಟಾ)

ಹಿಂದಕ್ಕೆ ಹೋದದ್ದು ನಿಜ, ಕಾರಣವೂ ಇದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ‘ಗೋಲಿಯಾತ್’ ಎಂಬ ಚೈನು ಚಕ್ರದ ಪುಟ್ಟ ಗಾಡಿಯನ್ನು ತಂತಿಯಿಂದ ನಡೆಸಿ ಟ್ಯಾಂಕಿನ ಕೆಳಗೆ ಸಿಡಿಸುತ್ತಿದ್ದರು. ತಂತಿ ಕತ್ತರಿಸಿದರೆ ಅದು ನಿಂತಲ್ಲೇ ನಿಲ್ಲುತ್ತಿತ್ತು. ಮುಂದೆ ಎಲ್ಲವೂ ರೇಡಿಯೊ ಆಯಿತು. ಯುಕ್ರೇನ್ ಯುದ್ಧದಲ್ಲಿ ಎರಡೂ ಕಡೆಯವರು ಮುಂಚೂಣಿಯುದ್ದಕ್ಕೂ ರೇಡಿಯೊ ಸಿಗ್ನಲ್ ಕೆಡಿಸುವ ಜಾಮರ್ ತುಂಬಿದರು. ಗುರಿಗೆ ಕೊನೆಯ ನೂರು ಮೀಟರ್ ಇದ್ದಾಗ, ಡ್ರೋನ್ ನೆಲಕ್ಕೆ ಹತ್ತಿರ ಇಳಿದಾಗ, ಚಿತ್ರ ಮಸುಕಾಗಿ ಹೋಗುತ್ತಿತ್ತು. 2024ರಿಂದ ಕೂದಲಿನಷ್ಟು ತೆಳ್ಳಗಿನ ಫೈಬರ್ ಎಳೆಯನ್ನು ಉರುಳೆಯಿಂದ ಬಿಡುತ್ತಾ ಹೋಗುವ ಡ್ರೋನುಗಳು ಹೆಚ್ಚಿದವು. ಬೆಳಕು ಗಾಜಿನೊಳಗೆ ಹರಿಯುವುದರಿಂದ ಜಾಮರ್‌ಗೆ ಹಿಡಿಯಲು ಏನೂ ಇಲ್ಲ.

ಬೆಲೆ ತೆರಬೇಕು. 10 ಕಿ.ಮೀ. ಎಳೆಯ ಉರುಳೆಯೇ ಕಿಲೋಗಟ್ಟಲೆ ಭಾರ. ಅಷ್ಟು ಹೊರೆ ಕಡಿಮೆ ಹೊರಬೇಕು. ಗಕ್ಕನೆ ತಿರುಗಿದರೆ, ಬಂದ ದಾರಿಯನ್ನೇ ದಾಟಿದರೆ, ಎಳೆ ರೆಕ್ಕೆಗೆ ಸುತ್ತಿಕೊಳ್ಳುತ್ತದೆ. ಬಯಲು ನಾಡಿಗೆ ಇದು ಸರಿ. ನಮ್ಮ ಘಟ್ಟದಂಥ ದಟ್ಟ ಕಾಡಿನಲ್ಲಿ ಮರದ ತುದಿಗೆ ಸಿಕ್ಕಿ ಕಡಿಯುವ ಸಾಧ್ಯತೆಯೇ ಹೆಚ್ಚು.

ಪ್ರಶ್ನೆ: ಮಂಗಳೂರಿಗೆ ಬರುತ್ತಿದ್ದ ಹಡಗಿಗೇ ಡ್ರೋನ್ ಬಡಿದಿತ್ತಲ್ಲ. ಇಂಥವನ್ನು ಹೊಡೆದುರುಳಿಸಲು ಕೋಟಿಗಟ್ಟಲೆ ಬೆಲೆಯ ಕ್ಷಿಪಣಿಯೇ ಬೇಕೇ?
(ನಿವೃತ್ತ ಶಿಕ್ಷಕರು, ಹೊನ್ನಾವರ)

2023ರ ಡಿಸೆಂಬರ್ 23ರಂದು ಕೆಮ್ ಪ್ಲೂಟೊ ಎಂಬ ಸರಕು ಹಡಗಿಗೆ ಗುಜರಾತ್ ಕರಾವಳಿಯಿಂದ ಸುಮಾರು 200 ನಾಟಿಕಲ್ ಮೈಲಿ ದೂರದಲ್ಲಿ ಡ್ರೋನ್ ಬಡಿಯಿತು. ಅದರಲ್ಲಿ ಭಾರತೀಯ ನಾವಿಕರಿದ್ದರು, ಯಾರಿಗೂ ಪ್ರಾಣಾಪಾಯ ಆಗಲಿಲ್ಲ.

ಕ್ಷಿಪಣಿಯೇ ಬೇಕೆಂದಿಲ್ಲ, ಎಲ್ಲಕ್ಕೂ ಕ್ಷಿಪಣಿ ಬಿಟ್ಟರೆ ಬೊಕ್ಕಸ ಮೊದಲು ಬರಿದಾಗುತ್ತದೆ. ಇರಾನಿನ ಶಾಹೇದ್-136 ಮಾದರಿಯದು ಸುಮಾರು 200 ಕಿಲೋ ತೂಗುತ್ತದೆ, ಗಂಟೆಗೆ 185 ಕಿ.ಮೀ. ಹೋಗುತ್ತದೆ, ಮೊಪೆಡ್ ಹಾಗೆ ಸದ್ದು ಮಾಡುತ್ತದೆ. ಅಷ್ಟು ನಿಧಾನದ್ದಕ್ಕೆ ಫಿರಂಗಿ ಸಾಕು. 2025ರ ಮೇ 8-9ರ ರಾತ್ರಿ ಪಾಕಿಸ್ತಾನ 36 ಕಡೆ 300ರಿಂದ 400 ಡ್ರೋನ್ ಕಳಿಸಿತೆಂದು ನಮ್ಮ ಸರ್ಕಾರ ಹೇಳಿತು. ಆ ದಿನಗಳಲ್ಲಿ ದುಡಿದವುಗಳಲ್ಲಿ ಎಲ್-70 ಎಂಬ ಹಳೆಯ 40 ಮಿ.ಮೀ. ಫಿರಂಗಿಯೂ ಒಂದು, ಹೊಸ ಕ್ಯಾಮೆರಾ ಮತ್ತು ಗುರಿಯಂತ್ರ ಜೋಡಿಸಿದ್ದು. ಬೆಂಗಳೂರಿನ ಬಿಇಎಲ್ ಕಂಪನಿಯೊಂದಿಗೆ ನೌಕಾಪಡೆ 2021ರ ಆಗಸ್ಟಿನಲ್ಲೇ ಡ್ರೋನ್ ನಿಗ್ರಹ ವ್ಯವಸ್ಥೆಗೆ ಒಪ್ಪಂದ ಮಾಡಿಕೊಂಡಿದೆ. ಅದು ರಾಡಾರ್‌ನಿಂದ ಪತ್ತೆ ಮಾಡಿ, ಸಿಗ್ನಲ್ ಕೆಡಿಸಿ ಅಥವಾ ಲೇಸರ್‌ನಿಂದ ಕೆಡವುತ್ತದೆ. ಸಿಗ್ನಲ್ ಕೆಡಿಸುವುದು ಅಗ್ಗ. ಆದರೆ ದಾರಿಯನ್ನು ಮೊದಲೇ ತುಂಬಿಸಿಕೊಂಡು ಬರುವ ಡ್ರೋನ್ ಯಾರ ಮಾತಿಗೂ ಕಾಯುವುದಿಲ್ಲ. ಅದರ ಜಿಪಿಎಸ್ ಕೆಡಿಸಿದರೂ ತನ್ನ ಚಲನೆಯನ್ನು ತಾನೇ ಅಳೆಯುವ ಒಳಗಿನ ಜಡತ್ವ ಮಾಪಕ ಹಿಡಿದು ಮುಂದೆ ಸಾಗುತ್ತದೆ. ಅದಕ್ಕೆ ಗುಂಡೇ ಬೇಕು.

ಪ್ರಶ್ನೆ: ಶಿರೂರು ಗುಡ್ಡ ಕುಸಿದಾಗ ಡ್ರೋನ್, ರಾಡಾರ್, ಸೋನಾರ್ ಎಲ್ಲ ತಂದರೂ ಲಾರಿ ಸಿಗಲು ಎರಡು ತಿಂಗಳು ದಾಟಿತು. ಯುದ್ಧದಲ್ಲಿ ನೀರಿನಡಿಯ ಬಾಂಬನ್ನು ರೋಬೋಟ್ ಹುಡುಕುತ್ತದೆ ಎನ್ನುವುದನ್ನು ಹೇಗೆ ನಂಬುವುದು?
(ಓದುಗರೊಬ್ಬರು, ಅಂಕೋಲಾ)

ಶಿರೂರಿನ ನೋವು ಇನ್ನೂ ಹಸಿಯಾಗಿದೆ. ನಿಮ್ಮ ಪ್ರಶ್ನೆಗೆ ಗೌರವದಿಂದಲೇ ಉತ್ತರಿಸುತ್ತೇವೆ. 2024ರ ಜುಲೈ 16ರಂದು ಕುಸಿತ, ಸೆಪ್ಟೆಂಬರ್ 25ರಂದು ಡ್ರೆಜರ್ ನೆರವಿನಿಂದ ಗಂಗಾವಳಿಯಲ್ಲಿ ಲಾರಿ ಪತ್ತೆ. ಉಪಕರಣಗಳು ‘ಇಲ್ಲಿ ಲೋಹ ಇರಬಹುದು’ ಎಂದು ಜಾಗ ತೋರಿಸುತ್ತವೆ. ಕೆಸರು ಮುಚ್ಚಿದ್ದನ್ನು ತೆಗೆಯಲಾರವು. ನೆಲ ಹೊಕ್ಕು ನೋಡುವ ರಾಡಾರ್ ಒಣ ಮರಳಿನಲ್ಲಿ ಚೆನ್ನ. ಒದ್ದೆ ಜೇಡಿಯಲ್ಲಿ, ಉಪ್ಪು ಬೆರೆತ ನೀರಿನಲ್ಲಿ ಅದರ ಅಲೆ ಬೇಗ ಸಾಯುತ್ತದೆ. ಸಣ್ಣ ನೀರೊಳಗಿನ ರೋಬೋಟಿಗೆ 2-3 ನಾಟ್ ಮೀರಿದ ಸೆಳವು ಬಂದರೆ ನಿಂತಲ್ಲಿ ನಿಲ್ಲಲಾಗದು, ಕೇಬಲ್ಲೇ ಅದನ್ನು ಎಳೆದೊಯ್ಯುತ್ತದೆ. ಮಳೆಗಾಲದ ಹೊಳೆಯಲ್ಲಿ ಕ್ಯಾಮೆರಾಕ್ಕೆ ಒಂದು ಗೇಣು ಮುಂದೆಯೂ ಕಾಣದು.

ಕಡಲ ಮೈನ್ (ನೀವು ಹೇಳಿದ ನೀರಿನಡಿಯ ಬಾಂಬು) ಹುಡುಕುವುದು ಬೇರೆ ಬಗೆ, ಯಾಕೆಂದರೆ ಸಿದ್ಧತೆ ಶಾಂತಿಕಾಲದಲ್ಲೇ ಆಗುತ್ತದೆ. ಬಂದರಿಗೆ ಹಡಗು ಬರುವ ದಾರಿಯ ತಳವನ್ನು ಶಬ್ದದಿಂದ ಇಕ್ಕೆಲ ನೋಡುವ ಸೈಡ್-ಸ್ಕ್ಯಾನ್ ಸೋನಾರ್‌ನಿಂದ ಮೊದಲೇ ಚಿತ್ರಿಸಿಡುತ್ತಾರೆ: ಯಾವ ಬಂಡೆ ಎಲ್ಲಿದೆ, ಯಾವ ಹಳೆಯ ಲಂಗರು ಎಲ್ಲಿ ಬಿದ್ದಿದೆ. ಆಮೇಲೆ ಟಾರ್ಪಿಡೊ ಆಕಾರದ ರೋಬೋಟನ್ನು ಗದ್ದೆ ಉಳುವ ಹಾಗೆ ಸಾಲು ಹಿಡಿದು ಓಡಿಸುತ್ತಾರೆ. ನೀರಿನಲ್ಲಿ ರೇಡಿಯೊ ಸಾಗದು, ಜಿಪಿಎಸ್ ಇಲ್ಲ. ಸೆಕೆಂಡಿಗೆ ಸುಮಾರು 1,500 ಮೀಟರ್ ಹೋಗುವ ಶಬ್ದವೇ ಸಂದೇಶವಾಹಕ. ತಳದಿಂದ ಮರಳುವ ಶಬ್ದ ಅಳೆದು ರೋಬೋಟ್ ತನ್ನ ಜಾಗ ಲೆಕ್ಕ ಹಾಕುತ್ತದೆ. 3 ನಾಟ್ ವೇಗದಲ್ಲಿ, ಸಾಲಿಗೆ 80 ಮೀಟರ್ ಅಗಲ ಹಿಡಿದರೆ ಗಂಟೆಗೆ 0.44 ಚದರ ಕಿ.ಮೀ. ಹತ್ತು ಚದರ ಕಿ.ಮೀ. ದಾರಿಗೆ ಬರೀ ಓಟವೇ 23 ಗಂಟೆ. ಹೊಸ ಚಿತ್ರವನ್ನು ಹಳೆಯದರ ಪಕ್ಕ ಇಟ್ಟು, ಹೊಸದಾಗಿ ಕಂಡದ್ದರ ಹತ್ತಿರ ಮಾತ್ರ ಕ್ಯಾಮೆರಾ ಇರುವ ಇನ್ನೊಂದು ರೋಬೋಟ್ ಹೋಗುತ್ತದೆ. 2003ರಲ್ಲಿ ಇರಾಕಿನ ಉಮ್ ಕಸ್ರ್ ಬಂದರಿನಲ್ಲಿ ರೆಮಸ್ ಎಂಬ ರೋಬೋಟುಗಳು ಈ ಕೆಲಸ ಮಾಡಿವೆ.

ನಮ್ಮ ಹೊಳೆಬಾಯಿಗಳಲ್ಲಿ ಇನ್ನೊಂದು ತೊಡಕು. ಕಡಲ ನೀರು ಘನ ಮೀಟರಿಗೆ 1,025 ಕಿಲೋ, ಸಿಹಿನೀರು 1,000. ಕಡಲಿಗೆಂದು ಸಮತೂಕ ಮಾಡಿದ 200 ಕಿಲೋ ರೋಬೋಟ್ ಮಳೆಗಾಲದ ಕಾಳಿ ಹೊಳೆಯ ಸಿಹಿನೀರ ಪದರಕ್ಕೆ ಬಂದರೆ 5 ಕಿಲೋ ಭಾರ ಹೆಚ್ಚಾದಂತೆ ಮುಳುಗತೊಡಗುತ್ತದೆ. ಪದರ ಬದಲಾಗುವಲ್ಲಿ ಶಬ್ದವೂ ಬಾಗುವುದರಿಂದ ಸೋನಾರ್ ಚಿತ್ರ ಓರೆಯಾಗುತ್ತದೆ.

ನಿಮ್ಮ ಜಿಲ್ಲಾಕೇಂದ್ರದ ಹೆಸರು ಹೊತ್ತ ಐಎನ್‌ಎಸ್ ಕಾರವಾರ ಮೈನ್ ಗುಡಿಸುವ ಹಡಗೇ ಆಗಿತ್ತು. 1986ರಲ್ಲಿ ಸೇವೆಗೆ ಬಂದು 2017ರಲ್ಲಿ ನಿವೃತ್ತವಾಯಿತು. ಆ ವರ್ಗದ ಕೊನೆಯ ಹಡಗು 2019ರಲ್ಲಿ ಹೋಯಿತು. ಆ ಖಾಲಿ ಜಾಗವನ್ನು ಬೇಗ ತುಂಬಬೇಕು ಎಂಬುದು ನಮ್ಮ ದೃಢ ಅಭಿಪ್ರಾಯ. ರೋಬೋಟು ಕೊಂಡರಷ್ಟೇ ಸಾಲದು, ಅದನ್ನು ಇಳಿಸಿ ಎತ್ತುವ ಹಡಗೂ, ಚಿತ್ರ ಓದುವ ಕಣ್ಣೂ ಬೇಕು.

ಪ್ರಶ್ನೆ: ನಮ್ಮ ಹೋಮ್‌ಸ್ಟೇ ಪ್ರಚಾರಕ್ಕೆ ಕಡಲತೀರದಲ್ಲಿ ಡ್ರೋನ್ ಹಾರಿಸಬಹುದೇ?
(ಗೋಕರ್ಣ)

2021ರ ಡ್ರೋನ್ ನಿಯಮದಂತೆ ಹಸಿರು ವಲಯದಲ್ಲಿ 400 ಅಡಿ ತನಕ ಹಾರಿಸಬಹುದು. ಕೆಂಪು ವಲಯಕ್ಕೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಹಾರಿಸುವ ಮುನ್ನ ಆ ದಿನವೇ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆ ನೋಡಿ, ಯಾಕೆಂದರೆ ತಾತ್ಕಾಲಿಕ ಕೆಂಪು ವಲಯವನ್ನೂ ಘೋಷಿಸುತ್ತಾರೆ. ನಿಮ್ಮದು ವ್ಯಾಪಾರದ ಉದ್ದೇಶ, ಆದ್ದರಿಂದ 250 ಗ್ರಾಂ ಮೀರಿದ ಡ್ರೋನಿಗೆ ಪೈಲಟ್ ಪ್ರಮಾಣಪತ್ರ ಬೇಕು. ಕಾರವಾರದ ಕಡೆ ನೌಕಾನೆಲೆ ಕಾಣುವಲ್ಲಿ ಹಾರಿಸುವ ಯೋಚನೆಯೇ ಬೇಡ.

ಪ್ರಶ್ನೆ: ಯಾರನ್ನು ಕೊಲ್ಲಬೇಕೆಂದು ಯಂತ್ರವೇ ತೀರ್ಮಾನಿಸುವ ದಿನ ಬಂದಿದೆಯೇ?
(ಗೃಹಿಣಿ, ಯಲ್ಲಾಪುರ)

ಭಾಗಶಃ ಬಂದಿದೆ. ಹಡಗಿನತ್ತ ಬರುವ ಕ್ಷಿಪಣಿಯನ್ನು ತಾನಾಗಿಯೇ ಹೊಡೆಯುವ ಫಿರಂಗಿಗಳು ದಶಕಗಳಿಂದ ಇವೆ. ಮನುಷ್ಯರನ್ನು ಹುಡುಕಿ ಹೊಡೆಯುವುದನ್ನು ಯಂತ್ರಕ್ಕೆ ಬಿಡಬಾರದು ಎಂಬುದು ನಮ್ಮ ನಿಲುವು.

‘ಮನುಷ್ಯ ನಡುವೆ ಇದ್ದರೆ ಸಾಕು’ ಎನ್ನುವವರು ಎರಡು ಘಟನೆ ನೆನೆಯಬೇಕು. 1988ರ ಜುಲೈ 3ರಂದು ಅಮೆರಿಕದ ವಿನ್ಸೆನ್ಸ್ ಹಡಗು ಇರಾನಿನ ಪ್ರಯಾಣಿಕ ವಿಮಾನವನ್ನು ಹೊಡೆಯಿತು; 290 ಜನ ಸತ್ತರು. ವಿಮಾನ ಮೇಲೇರುತ್ತಿದೆ ಎಂದು ಯಂತ್ರ ಸರಿಯಾಗಿಯೇ ತೋರಿಸುತ್ತಿತ್ತು; ಭಯದಲ್ಲಿದ್ದ ಸಿಬ್ಬಂದಿ ಇಳಿಯುತ್ತಿದೆ ಎಂದು ವರದಿ ಮಾಡಿದರು. 2003ರ ಮಾರ್ಚ್ 23ರಂದು ಇರಾಕ್ ಯುದ್ಧದಲ್ಲಿ ನಡೆದದ್ದು ಉಲ್ಟಾ: ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ನಿಗ್ರಹ ವ್ಯವಸ್ಥೆ ಮಿತ್ರಪಡೆಯ ಬ್ರಿಟಿಷ್ ಟಾರ್ನೆಡೊ ವಿಮಾನವನ್ನು ಶತ್ರು ಕ್ಷಿಪಣಿ ಎಂದು ತೋರಿಸಿತು, ಸಿಬ್ಬಂದಿ ನಂಬಿದರು, ಇಬ್ಬರು ವೈಮಾನಿಕರು ಸತ್ತರು. ಕೆಲವೇ ಸೆಕೆಂಡಿನಲ್ಲಿ ಗುಂಡಿ ಒತ್ತಬೇಕಾದ ಮನುಷ್ಯ ತೀರ್ಮಾನ ಮಾಡುತ್ತಿಲ್ಲ, ಸಹಿ ಹಾಕುತ್ತಿದ್ದಾನೆ. ಅವನಿಗೆ ಪ್ರಶ್ನಿಸುವಷ್ಟು ಸಮಯ ಕೊಡಬೇಕು, ಅನುಮಾನ ಬಂದರೆ ನಿಲ್ಲಿಸುವ ಅಧಿಕಾರವನ್ನೂ ಕೊಡಬೇಕು.

2023ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಸ್ವಯಂಚಾಲಿತ ಶಸ್ತ್ರಗಳ ಬಗ್ಗೆ ನಿರ್ಣಯ ಅಂಗೀಕರಿಸಿತು. 152 ದೇಶ ಪರ, 4 ವಿರುದ್ಧ. ವಿರುದ್ಧ ಮತ ಹಾಕಿದವುಗಳಲ್ಲಿ ಭಾರತವೂ ಒಂದು. ಜಿನೀವಾದ ಶಸ್ತ್ರಾಸ್ತ್ರ ಒಪ್ಪಂದದ ವೇದಿಕೆಯಲ್ಲೇ ಚರ್ಚೆ ನಡೆಯಲಿ ಎಂಬುದು ನಮ್ಮ ಸರ್ಕಾರದ ವಾದ. ಆ ವೇದಿಕೆಯಲ್ಲಿ ಒಮ್ಮತವಿಲ್ಲದೆ ಏನೂ ಮುಂದೆ ಸಾಗುವುದಿಲ್ಲ.

ಪ್ರಶ್ನೆ: ಬಲೆಗೆ ಡ್ರೋನಿನಂಥ ಸಾಮಾನು ಸಿಕ್ಕಿದರೆ ಏನು ಮಾಡಬೇಕು? ದಕ್ಕೆಗೆ ತಂದು ಒಪ್ಪಿಸಬೇಕೇ?
(ಮೀನುಗಾರರು, ಕಾಸರಕೋಡ)

ತರಬೇಡಿ. ಅದು ಗುರಿ ಹೊಡೆಯುವ ಅಭ್ಯಾಸಕ್ಕೆ ಬಳಸಿದ ನಿರಪಾಯದ ಸಾಮಾನಾಗಿರಬಹುದು, ಒಳಗೆ ಸಿಡಿಯದೆ ಉಳಿದ ಸ್ಫೋಟಕವೂ ಇರಬಹುದು. ಹೊರಗಿನಿಂದ ನೋಡಿ ನಿಮಗೆ ತಿಳಿಯುವುದಿಲ್ಲ. ಉಪ್ಪುನೀರು ಹೊಕ್ಕ ಲಿಥಿಯಂ ಬ್ಯಾಟರಿ ಗಂಟೆಗಳ ನಂತರವೂ ಹೊತ್ತಿಕೊಳ್ಳುತ್ತದೆ, ಅದರ ಹೊಗೆ ವಿಷ. ಮೀನಿನ ಸ್ಟೋರೇಜಿಗಾಗಲೀ ಎಂಜಿನ್ ಕೋಣೆಯ ಪಕ್ಕಕ್ಕಾಗಲೀ ಹಾಕಲೇಬೇಡಿ.

ಬಲೆ ಎತ್ತುವಾಗ ಕಂಡರೆ ವಿಂಚ್ ನಿಲ್ಲಿಸಿ. ಸಾಮಾನು ಇನ್ನೂ ನೀರಿನಲ್ಲಿದ್ದರೆ ಬಲೆಯ ಆ ಭಾಗಕ್ಕೆ ತೇಲುಬುರುಡೆ ಕಟ್ಟಿ ಕತ್ತರಿಸಿ ಬಿಡಿ. ಬಲೆಯ ನಷ್ಟ ದೊಡ್ಡದೆಂದು ಗೊತ್ತು, ಆದರೂ ಬಿಡಿ. ಡೆಕ್ ಮೇಲೆ ಬಂದೇಬಿಟ್ಟಿದ್ದರೆ ಮುಟ್ಟದೆ, ವೈರ್ ಎಳೆಯದೆ, ಖಲಾಸಿಗಳನ್ನೆಲ್ಲ ಗಾಳಿ ಬರುವ ಕಡೆಯ ತುದಿಗೆ ಕಳಿಸಿ, ಆ ಹತ್ತಿರ ಬೀಡಿ-ಒಲೆ ಬೇಡ. ಜಿಪಿಎಸ್‌ನಲ್ಲಿ ಜಾಗದ ಅಕ್ಷಾಂಶ-ರೇಖಾಂಶ, ಹೊತ್ತು, ಆಳ ಬರೆದಿಟ್ಟುಕೊಳ್ಳಿ. ವಿಎಚ್‌ಎಫ್ 16ರಲ್ಲಿ ತಿಳಿಸಿ. ಫೋನ್ ಸಿಗುವಷ್ಟು ದಡ ಹತ್ತಿರವಿದ್ದರೆ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ಅವರು ಹೇಳುವ ತನಕ ದಕ್ಕೆಯತ್ತ ತಿರುಗಬೇಡಿ. ದಕ್ಕೆಯಲ್ಲಿ ಸಾಲಾಗಿ ಡೀಸೆಲ್ ತುಂಬಿದ ಬೋಟುಗಳು ನಿಂತಿರುತ್ತವೆ.